ಆಡದೆ ಉಳಿದ ಜಗಳ

ಮೊನ್ನೆ ಹಾಸನದ ಸಂತೆಯಿಂದ ತಂದ ಹುಚ್ಚೆಳ್ಳನ್ನು ಬಾಣಲೆಗೆ ಹಾಕಿ ಕೈಯಾಡಿಸುತ್ತಿದ್ದೆ. ಚಟಪಟ ಅನ್ನಲು ಶುರುವಾದ ಮೇಲೆ ಅದರಿಂದ ಒಂದು ವಾಸನೆ ಏಳುತ್ತದೆ. ಎಣ್ಣೆಯದೂ ಅಲ್ಲ, ಹೊಗೆಯದೂ ಅಲ್ಲ, ಎರಡರ ನಡುವಿನ ಸ್ವಲ್ಪ ಕಹಿ ಬೆರೆತ ವಾಸನೆ. ಮಂಡಿನೋವಿನಲ್ಲಿ ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ ನನಗೆ. ಅಂಗಡಿಯಲ್ಲಿ ಪುಡಿ ಮಾಡಿದ್ದೇ ಸಿಗುತ್ತದಲ್ಲ, ಯಾಕೆ ಒದ್ದಾಡುತ್ತೀಯ ಎಂದು ಮನೆಯವರು ಅನ್ನುತ್ತಾರೆ. ಅನ್ನಲಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಳೆನರಸೀಪುರದ ನಮ್ಮ ಮನೆಯ ಅಡುಗೆಕೋಣೆಯೂ, ಅಲ್ಲಿ ಅಮ್ಮನ ಎದುರು ಮಣೆ ಹಾಕಿಕೊಂಡು ಕಾಲು ಚಾಚಿ ಕೂತಿರುತ್ತಿದ್ದ ಟೀಚರೂ ಕಣ್ಣ ಮುಂದೆ ಬಂದರು. ಅವರು ಇದನ್ನು ಗುರೆಳ್ಳು ಅನ್ನುತ್ತಿದ್ದರು. ಹುರಿದು, ಒಣಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಕುಟ್ಟಿ, ಅದರ ಮೇಲೆ ಹಸಿ ಎಣ್ಣೆ ಸುರಿದು ಕಡಕ್ ರೊಟ್ಟಿಯ ಜೊತೆ ಕೊಡುತ್ತಿದ್ದರು...

ನಮ್ಮ ಬೀದಿಯವರಿಗೆ ಅವರು ಧಾರವಾಡದ ಟೀಚರ್. ಅವರ ಊರು ಧಾರವಾಡವಲ್ಲ, ರೋಣದ ಹತ್ತಿರದ ಒಂದು ಹಳ್ಳಿ. ಅದನ್ನು ಎಷ್ಟು ಸಾರಿ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಾವಣಗೆರೆ ದಾಟಿದ ಮೇಲೆ ಇರುವುದೆಲ್ಲ ನಮ್ಮವರ ಪಾಲಿಗೆ ಧಾರವಾಡವೇ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಆ ಕಡೆಯಿಂದ ಬಹಳ ಮಂದಿ ಮೇಷ್ಟರುಗಳು, ಟೀಚರುಗಳು ಕೆಲಸ ಸಿಕ್ಕಿ ನಮ್ಮ ಕಡೆಯ ಶಾಲೆಗಳಿಗೆ ಬರುತ್ತಿದ್ದರು. ಇವರಿಗೆ ಸಿಕ್ಕಿದ್ದು ಹಳೇಕೋಟೆ ಕಡೆಯ ಒಂದು ಹಳ್ಳಿಶಾಲೆ. ಗಂಡ ಊರಲ್ಲಿ ಹೊಲ ಬಿಟ್ಟು ಬರುವ ಹಾಗಿರಲಿಲ್ಲ, ಮಕ್ಕಳಾಗಿರಲಿಲ್ಲ. ನಮ್ಮ ಮನೆಗೆ ಗೋಡೆ ಹಂಚಿಕೊಂಡ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಬಂದು ಇಳಿದರು. ಒಂಟಿ ಹೆಂಗಸಿಗೆ ಮನೆ ಕೊಡುವುದೋ ಬೇಡವೋ ಎಂದು ಆ ಮನೆಯ ಯಜಮಾನರು ಹಿಂದೆಮುಂದೆ ನೋಡುತ್ತಿದ್ದಾಗ, ಪೇಟೆಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ನಮ್ಮ ಅಪ್ಪನೇ ಮಧ್ಯೆ ಬಾಯಿ ಹಾಕಿ, "ನಮ್ಮೋರೇ ಕಣ್ರೀ, ಲಿಂಗವಂತರು, ಕೊಡಿ" ಎಂದು ಕೊಡಿಸಿದ್ದರು. ಕಟ್ಟುವ ಲಿಂಗ ಒಂದೇ, ಆಡುವ ಭಾಷೆ ಒಂದೇ, ಇನ್ನೇನು ತಕರಾರು ಬಂದೀತು ಅಂದುಕೊಂಡಿದ್ದೆವು.

ಅವರು ಬಂದ ಮೊದಲ ಭಾನುವಾರ ನಾವೆಲ್ಲ ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ಏನೋ ಕೇಳಲು ಬಾಗಿಲಿಗೆ ಬಂದರು. ಅಮ್ಮ ರೂಢಿಯಂತೆ, "ಬನ್ನಿ, ಊಟ ಮಾಡಿ" ಎಂದಳು. ನಮ್ಮ ಕಡೆ ಉಣ್ಣುವ ಹೊತ್ತಿಗೆ ಬಂದವರಿಗೆ ಹಾಗೆ ಅನ್ನಲೇಬೇಕು. ಬಂದವರು, "ಈಗ ತಾನೆ ಆಯ್ತು, ನೀವು ಮಾಡಿ" ಅನ್ನಲೇಬೇಕು. ಹಸಿದು ಹೊಟ್ಟೆ ಬೆನ್ನಿಗೆ ಹತ್ತಿದ್ದರೂ ಸರಿಯೇ. ಟೀಚರ್ ಹಾಗೆ ಅನ್ನಲಿಲ್ಲ. "ಹೌದ್ರಿ? ನಂದಿನ್ನೂ ಆಗಿಲ್ರಿ" ಎಂದವರೇ ಹಿತ್ತಲಿಗೆ ಹೋಗಿ ಕೈತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತುಬಿಟ್ಟರು. ಪಾತ್ರೆಯಲ್ಲಿ ಉಳಿದಿದ್ದುದು ಅಮ್ಮನ ಪಾಲಿನ ಅನ್ನ, ಅವರೆಕಾಳು ಸಾರು. ಅಮ್ಮ ಅಷ್ಟನ್ನೂ ಬಡಿಸಿ, ತಾನು ಆಮೇಲೆ ಅವಲಕ್ಕಿ ಕಲಸಿಕೊಂಡು ತಿಂದಳು. ಇನ್ನು ಇವರ ಸುದ್ದಿ ಮುಗಿಯಿತು, ಅಮ್ಮ ವರ್ಷವಿಡೀ ಇದನ್ನೇ ಆಡಿಕೊಳ್ಳುತ್ತಾಳೆ ಅಂದುಕೊಂಡೆ. ಅಮ್ಮ ಆಡಿಕೊಳ್ಳಲಿಲ್ಲ. ರಾತ್ರಿ ಹಾಸಿಗೆ ಹಾಸುವಾಗ ತನ್ನಷ್ಟಕ್ಕೆ ನಗುತ್ತಾ, "ನಾನು ಕರ್ದಿದ್ಕೆ ಯಾರಾದ್ರೂ ಬಂದು ಉಂಡಿದ್ದು ಇದೇ ಮೊದ್ಲು ಕಣೇ" ಎಂದಳು.

ಅಲ್ಲಿಂದ ಅವರಿಬ್ಬರಿಗೂ ಅದು ಹೇಗೆ ಹೊಂದಿಕೆಯಾಯಿತೋ. ನಮ್ಮಮ್ಮ ಮಾತು ಕಡಿಮೆಯ ಹೆಂಗಸು. ಆಡುವ ಮಾತನ್ನೂ ಬಳಸಿ ಬಳಸಿ ಆಡುವವಳು. ಉಪ್ಪು ಬೇಕಾಗಿದ್ದರೂ, "ಉಪ್ಪು ಮುಗ್ದೋದಂಗೈತೆ" ಎಂದು ಗೋಡೆಗೆ ಹೇಳುತ್ತಿದ್ದಳು. ಅದನ್ನು ಕೇಳಿಸಿಕೊಂಡು ಯಾರಾದರೂ ತಂದುಕೊಡಬೇಕು. ಟೀಚರದು ಬೀದಿಗೆಲ್ಲ ಕೇಳುವ ಗಂಟಲು. ಸಾಯಂಕಾಲ ಹಳೇಕೋಟೆ ಬಸ್ಸಿಳಿದು ಬಂದು, ಕೈಕಾಲು ತೊಳೆದು, ಹಿತ್ತಲ ಬಾಗಿಲಿಂದ ನೇರ ನಮ್ಮ ಅಡುಗೆಕೋಣೆಗೆ ನುಗ್ಗುತ್ತಿದ್ದರು. "ಅಕ್ಕಾರ, ಏನ್ ಮಾಡಾಕತ್ತೀರಿ?" ಅಮ್ಮ ಮಣೆಯನ್ನು ಕಾಲಿನಿಂದಲೇ ಅವರತ್ತ ನೂಕುತ್ತಿದ್ದಳು. "ಬಾರವ್ವ, ಕೂತ್ಕೊ. ಈ ಅವರೇಕಾಯಿ ಬುಡಿಸ್ಕೊಡು ಒಸಿ." ಸ್ವಂತ ತಂಗಿಯರಿಗೂ ಅಷ್ಟು ಸಲೀಸಾಗಿ ಅಮ್ಮ ಕೆಲಸ ಹೇಳಿದ್ದನ್ನು ನಾನು ಕಂಡಿರಲಿಲ್ಲ. ಅಮ್ಮ ಅವರಿಗೆ ಮುದ್ದೆ ಕಟ್ಟುವುದನ್ನು ಕಲಿಸಿದಳು. ಅವರು ಅಮ್ಮನಿಗೆ ರೊಟ್ಟಿ ಬಡಿಯುವುದನ್ನು ಕಲಿಸಲು ಹೋಗಿ ಸೋತರು. ಅಮ್ಮನ ರೊಟ್ಟಿ ಒಂದು ಸಲವೂ ದುಂಡಗೆ ಬರಲಿಲ್ಲ.

ಅವರ ಜಗಳದ ರೀತಿಯನ್ನೂ ಹೇಳಬೇಕು, ಯಾಕೆಂದರೆ ಮುಂದಿನದಕ್ಕೆಲ್ಲ ಅದೇ ಬೇಕು. ಒಂದು ಬೇಸಿಗೆಯಲ್ಲಿ ಮನೆ ಯಜಮಾನರು ಇವರ ಕಡೆಯ ನಲ್ಲಿಗೆ ನೀರು ಬಿಡದೆ ಸತಾಯಿಸಿದರು. ಟೀಚರ್ ಬೀದಿಯ ಮಧ್ಯೆ ಕೊಡ ಇಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. "ನಾವೇನು ಮನಷ್ಯಾರಲ್ಲೇನ್ರಿ? ನಿಮ್ಮ ಹೊಟ್ಟಿಗಿ ಏನು ತಿಂತೀರಿ?" ಎಂದು ಶುರುಮಾಡಿದವರು ನಿಲ್ಲಿಸಿದಾಗ ಅರ್ಧ ಪೇಟೆಯೇ ಸೇರಿತ್ತು. ಹೊಡೆದಾಟವೇ ಆಗುತ್ತದೆ ಎಂದು ಅಪ್ಪ ಅಂಗಡಿ ಬಿಟ್ಟು ಓಡಿಬಂದರು. ಏನೂ ಆಗಲಿಲ್ಲ. ನೀರು ಬಂತು. ಅದೇ ಸಾಯಂಕಾಲ ಟೀಚರ್ ಒಂದು ತಟ್ಟೆಯಲ್ಲಿ ರೊಟ್ಟಿ, ಚಟ್ನಿಪುಡಿ ಇಟ್ಟುಕೊಂಡು ಯಜಮಾನರ ಮನೆಗೇ ಹೊರಟರು. ಎರಡನೇ ಸುತ್ತಿಗೆ ಬಂದಳು ಎಂದು ಆ ಮನುಷ್ಯ ಹಿತ್ತಲಿಗೆ ಓಡಿಹೋಗಿದ್ದರಂತೆ. ಅಮ್ಮ ಕೇಳಿದ್ದಕ್ಕೆ ಟೀಚರ್, "ಜಗಳ ಮಾಡಿದ್ನಿ, ಮುಗೀತು. ಹೊಟ್ಟ್ಯಾಗ ಇಟ್ಕೊಂಡ್ರ ಅದು ಕೊಳೀತೈತ್ರಿ ಅಕ್ಕಾರ" ಎಂದರು. ಯಜಮಾನರು ಮಾತ್ರ ಅಂದಿನಿಂದ ಅವರನ್ನು ಕಂಡರೆ ಕೈಮುಗಿದು, "ನಮಸ್ಕಾರ ಮೇಡಂ" ಎಂದು ದಾರಿ ಬದಲಿಸುತ್ತಿದ್ದರು. ಈಗ ಇಬ್ಬರೂ ಸರಿಹೋದೆವು ಎಂದೇ ಟೀಚರ್ ನಂಬಿದ್ದರು.

ನಾನಾಗ ಬಿ.ಕಾಂ ಮುಗಿಸಿ ಟೈಪಿಂಗ್ ಕ್ಲಾಸಿಗೆ ಹಾಸನಕ್ಕೆ ಹೋಗಿಬರುತ್ತಿದ್ದೆ. ಅಮ್ಮನ ಅಕ್ಕ, ಅರಕಲಗೂಡಿನ ನಮ್ಮ ದೊಡ್ಡಮ್ಮ ಒಂದು ಸಂಬಂಧ ತಂದರು. ಚನ್ನರಾಯಪಟ್ಟಣದವರು, ಕೊಬ್ಬರಿ ಮಂಡಿ ಇಟ್ಟವರು. ಜಾತಕ ಕೂಡಿಬಂತು. ಒಂದು ದಿನ ಬಂದು ನೋಡಿಕೊಂಡೂ ಹೋದರು. ಉಪ್ಪಿಟ್ಟು ಕೊಡುವಾಗ ಹುಡುಗ ಏನು ಓದಿದ್ದೀರಿ ಎಂದು ಕೇಳಿದ. ಹೇಳಿದೆ. ನಾನೂ ಅದನ್ನೇ ಓದಿದ್ದು, ಅಕೌಂಟ್ಸ್ ಪಾಠದಲ್ಲಿ ಮಾತ್ರ ಹಿಂದಿನ ಬೆಂಚಲ್ಲಿ ನಿದ್ದೆ ಮಾಡ್ತಿದ್ದೆ ಎಂದ. ನಗು ತಡೆಯಲಾಗದೆ ಒಳಗೆ ಬಂದೆ. ಹುಡುಗ ನಿನಗೆ ಹಿಡಿಸಿದನೇ ಎಂದು ಆಮೇಲೆ ಯಾರೂ ನನ್ನನ್ನು ಕೇಳಲಿಲ್ಲ. ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಹುಡುಗಿ ಸುಮ್ಮನಿದ್ದಾಳೆ ಎಂದರೆ ಒಪ್ಪಿದ್ದಾಳೆ ಎಂದೇ ಲೆಕ್ಕ. ನಾನು ಸುಮ್ಮನಿದ್ದೆ.

ಕೊನೆಯ ಮಾತು ಕೊಡುವ ಮೊದಲು ಗಂಡಿನ ಕಡೆಯವರು ಅಕ್ಕಪಕ್ಕದಲ್ಲಿ ವಿಚಾರಿಸುವುದು ನಮ್ಮಲ್ಲಿ ಇದ್ದದ್ದೇ. ಬೇರೆ ಯಾವುದೋ ಕೆಲಸಕ್ಕೆ ಬಂದವರಂತೆ ಬೀದಿಗೆ ಬಂದು, ಯಾರದೋ ಜಗುಲಿಯಲ್ಲಿ ಕೂತು ನೀರು ಕೇಳಿ, ಆ ಮನೆಯ ಹುಡುಗಿ ಹೇಗೆ ಎಂದು ಬಾಯಿ ಬಿಡಿಸುತ್ತಾರೆ. ಅದಕ್ಕೆ ಉತ್ತರ ಕೊಡುವುದೂ ಒಂದು ವಿದ್ಯೆ. "ಚಿನ್ನದಂಥ ಹುಡುಗಿ, ತಲೆ ಎತ್ತಿ ನೋಡ್ದೋಳಲ್ಲ" ಅನ್ನಬೇಕು. ನಮ್ಮ ಬೀದಿಯ ಎಂಥೆಂಥ ಹುಡುಗಿಯರ ಬಗ್ಗೆಯೂ ಈ ಮಾತು ಹೇಳಿಯಾಗಿದೆ. ನಿಜವಾಗಿ ಏನಾದರೂ ಐಬಿದ್ದರೆ, "ಒಳ್ಳೇವ್ರು, ಪಾಪ" ಎಂದು ಅಲ್ಲಿಗೇ ನಿಲ್ಲಿಸಬೇಕು. ಕೇಳಿದವರು ಆಡಿದ ಮಾತನ್ನು ತೂಗುವುದಿಲ್ಲ, ಆಡದೆ ಬಿಟ್ಟದ್ದನ್ನು ತೂಗುತ್ತಾರೆ. ಇದನ್ನು ನಮಗೆ ಯಾರೂ ಕಲಿಸಿಕೊಡುವುದಿಲ್ಲ, ಹುಟ್ಟಿದಾಗಿನಿಂದ ಬಂದಿರುತ್ತದೆ. ಗಂಡಿನ ಸೋದರತ್ತೆ ಮತ್ತು ಅವರ ಯಜಮಾನರು ವಿಚಾರಿಸಲು ಬಂದು ನೀರು ಕೇಳಿದ್ದು ಟೀಚರ ಮನೆಯಲ್ಲಿ.

ಆ ಸಂಜೆ ಟೀಚರ್ ಸಂಭ್ರಮದಿಂದ ಬಂದರು. ಮಣೆ ಎಳೆದುಕೊಂಡು, ಅಮ್ಮನ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು, "ಅಕ್ಕಾರ, ನಿಮ್ಮ ಬೀಗರು ಬಂದಿದ್ರು ನೋಡ್ರಿ. ತಂಗಿ ಬಗ್ಗೆ ಎಲ್ಲಾ ಹೇಳೀನಿ" ಎಂದರು.

"ಏನೇಳ್ದೆ?" ಎಂದಳು ಅಮ್ಮ.

"ಇದ್ದದ್ದ ಹೇಳೀನ್ರಿ. ಹುಡುಗಿ ಛಲೋ ಅದಾಳ. ಸಿಟ್ಟು ಭಾಳ, ಎದುರು ಮಾತಾಡ್ತಾಳ, ಮುಂಜಾನೆ ಲಗೂನ ಏಳೂದಿಲ್ಲ. ಆದ್ರ ಸುಳ್ಳು ಹೇಳಾಂಗಿಲ್ಲ. ಯಾರ ಮನಸರ ನೋಯಿಸಿದ್ರ ತಾನ ಬಂದು ತಪ್ಪಾತು ಅಂತಾಳ. ಇಂಥಾಕಿ ಬಂದ್ರ ನಿಮ್ಮ ಮನಿ ಗಟ್ಟಿಯಾಗತೈತಿ ಅಂದೀನಿ."

ಸಿಪ್ಪೆ ಸುಲಿಯುತ್ತಿದ್ದ ಅಮ್ಮನ ಕೈ ನಿಂತಿತು. "ಓ, ಅಂಗಾ" ಎಂದಳು. ಮತ್ತೆ ಸುಲಿಯತೊಡಗಿದಳು. ಅಷ್ಟೇ. ಟೀಚರ್ ಎದ್ದು ಹೋಗುವವರೆಗೂ ತಮ್ಮ ಶಾಲೆಯ ಸುದ್ದಿ ಹೇಳುತ್ತಲೇ ಇದ್ದರು, ಅಮ್ಮ ಹೂಂಗುಟ್ಟುತ್ತಲೇ ಇದ್ದಳು. ಅಮ್ಮನನ್ನು ಬಲ್ಲ ನನಗೆ ಮಾತ್ರ ಹೆದರಿಕೆಯಾಯಿತು.

ಹೆದರಿದ ಹಾಗೇ ಆಯಿತು. ಹುಡುಗನಿಗೆ ಈ ವರ್ಷ ಮದುವೆ ಯೋಗ ಇಲ್ಲವಂತೆ ಎಂದು ಚನ್ನರಾಯಪಟ್ಟಣದವರು ಹೇಳಿ ಕಳಿಸಿದರು. ಕೂಡಿಬಂದ ಜಾತಕದಲ್ಲಿ ಯೋಗ ಎಲ್ಲಿಗೆ ಹೋಯಿತು ಎಂದು ಯಾರೂ ತಿರುಗಿ ಕೇಳಲಿಲ್ಲ. ಕೇಳಬಾರದು. ಒಳಗಿನ ಸಂಗತಿಯನ್ನು ದೊಡ್ಡಮ್ಮ ಅರಕಲಗೂಡಿನಿಂದ ಬಂದು ಹೇಳಿದರು. "ಪಕ್ಕದ್ಮನೆಯೋಳೇ ಬಾಯ್ಬುಟ್ಟು ಇಷ್ಟು ಹೇಳವ್ಳೆ ಅಂದ್ರೆ, ಹೇಳ್ದೆ ಬುಟ್ಟಿದ್ದು ಇನ್ನೆಷ್ಟಿದ್ದಾತು ಅಂದ್ರಂತೆ ಕಣೇ." ಟೀಚರ್ ಏನನ್ನೂ ಬಚ್ಚಿಡಲಿಲ್ಲ, ಅದೇ ಮುಳುವಾಯಿತು. ಅವರು ಹೊಗಳಿದ್ದು ಯಾರಿಗೂ ಕೇಳಿಸಲೇ ಇಲ್ಲ. ನಾನು ಅವತ್ತು ತಲೆನೋವು ಎಂದು ಮಲಗಿದವಳು ಮಾರನೇ ದಿನ ಕ್ಲಾಸಿಗೂ ಹೋಗಲಿಲ್ಲ.

ಮರುದಿನ ಸಂಜೆ ಟೀಚರ್ ಎಂದಿನಂತೆ ಹಿತ್ತಲ ಬಾಗಿಲಿಗೆ ಬಂದರು. ಅಮ್ಮ ಕೈ ಒರೆಸಿಕೊಳ್ಳುತ್ತಾ ಅಡುಗೆಕೋಣೆಯಿಂದ ತಾನೇ ಆಚೆ ಬಂದಳು. ಅವರನ್ನು ಹಾಲಿಗೆ ಕರೆದುಕೊಂಡು ಹೋಗಿ, ಗೋಡೆಗೆ ಒರಗಿಸಿಟ್ಟಿದ್ದ ಕಬ್ಬಿಣದ ಕುರ್ಚಿಯನ್ನು ಬಿಡಿಸಿ, ಸೆರಗಿನಿಂದ ಒರೆಸಿದಳು. "ಬನ್ನಿ ಟೀಚರ್, ಕೂತ್ಕೊಳಿ." ನೆಂಟರಿಗೆ ತೆಗೆಯುವ ಲೋಟದಲ್ಲಿ ಕಾಫಿ ಬಂತು, ತಟ್ಟೆಯಲ್ಲಿ ಬಿಸ್ಕತ್ತು ಬಂತು. ಟೀಚರಿಗೆ ನಗು. "ಇದೇನ್ರಿ ಅಕ್ಕಾರ, ಬೀಗತಿಗಿ ಮಾಡಿದಂಗ ಉಪಚಾರ ಮಾಡಾಕತ್ತೀರಿ!" ಎಂದರು. "ನಮ್ದೇನಿದೆ, ನಿಮ್ಮಂಥೋರು ಬರೋದೇ ಹೆಚ್ಚು" ಎಂದಳು ಅಮ್ಮ. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಒಂದು ಕೆಟ್ಟ ಮಾತಿಲ್ಲ, ಒಂದು ಸಿಡುಕಿಲ್ಲ. ಅಡುಗೆಕೋಣೆಯ ನೆಲದಿಂದ ಹಾಲಿನ ಕುರ್ಚಿಗೆ ಏರಿಸಿ ಅಮ್ಮ ಅವರನ್ನು ಮನೆಯಿಂದ ಆಚೆ ಹಾಕಿದ್ದಳು.

ನಮ್ಮ ಕಡೆಯವಳಾಗಿದ್ದರೆ ಆ ಕುರ್ಚಿ ಕಂಡ ಕೂಡಲೇ ಅವಳಿಗೆ ತಿಳಿಯುತ್ತಿತ್ತು. ಕಾಫಿ ಕುಡಿದು, ಸೆರಗು ಹೊದ್ದು, ಹೊರಟುಹೋಗುತ್ತಿದ್ದಳು. ಟೀಚರಿಗೆ ತಿಳಿಯಲಿಲ್ಲ. ಸಿಟ್ಟು ಎಂದರೆ ಅವರ ಲೆಕ್ಕದಲ್ಲಿ ಗಂಟಲು, ಕೈ, ಕೊಡ ಕುಕ್ಕುವ ಸದ್ದು. ಇಷ್ಟು ನಯವಾಗಿ ಯಾರಾದರೂ ಸಿಟ್ಟಾಗುತ್ತಾರೆಂದು ಅವರು ಕಂಡಿರಲಿಲ್ಲ. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವರ ಮುಖ ಅರಳಿತ್ತು. "ನಿಮ್ಮವ್ವಾರು ಈಗ ನನಗ ಭಾಳ ಮರ್ಯಾದಿ ಕೊಡ್ತಾರ ತಂಗಿ. ಮೊದಲ ಹೊರಗಿನಾಕಿ ಅಂತ ಇತ್ತೋ ಏನೋ" ಎಂದರು. ನಾನು ಬಸ್ಸು ಬಂತು ಎಂದು ಹೇಳಿ ಹತ್ತಿಬಿಟ್ಟೆ... ಇಂಥದ್ದನ್ನು ನಿಂತು ಕೇಳುವ ಶಕ್ತಿ ಯಾರಿಗಿರುತ್ತದೆ.

ಹೀಗೇ ಒಂದು ಚಳಿಗಾಲ ಕಳೆಯಿತು. ಟೀಚರಿಗೆ ವಿಪರೀತ ಜ್ವರ ಬಂತು. ಅಮ್ಮ ಹೊತ್ತು ಹೊತ್ತಿಗೆ ಗಂಜಿ, ತಿಳಿಸಾರು, ಕಷಾಯ ಮಾಡಿ ಕ್ಯಾರಿಯರಿನಲ್ಲಿ ನನ್ನ ಕೈಲಿ ಕಳಿಸಿದಳು. ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೆ ತಾನು ಹೋಗಲಿಲ್ಲ. ನಮ್ಮ ಹಿತ್ತಲಿಂದ ಅವರ ಹಿತ್ತಲಿಗೆ ಒಂದು ಮೋಟುಗೋಡೆ ಅಡ್ಡ, ಅಷ್ಟೇ. ಜ್ವರ ಸ್ವಲ್ಪ ಇಳಿದ ದಿನ ಟೀಚರ್ ಕ್ಯಾರಿಯರ್ ಮುಟ್ಟದೆ ನನ್ನ ಮುಖ ನೋಡಿದರು. "ಅಕ್ಕಾರ ಬಾಗಲದಾಗ ಬಂದು ಸೈತ ನಿಂದ್ರಲಿಲ್ಲ. ಯಾಕ ತಂಗಿ?" ಎಂದರು. ಅವರ ಕಣ್ಣು ಕೆಂಪಾಗಿತ್ತು. ನನಗೆ ಸಾಕಾಗಿತ್ತು. ಗಂಡಿನ ಸೋದರತ್ತೆಯಿಂದ ಹಿಡಿದು ಕುರ್ಚಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟೆ.

ನಾನು ಮನೆ ಸೇರುವ ಹೊತ್ತಿಗೆ ಹಿಂದೆಯೇ ಬಂದರು. ಕೆದರಿದ ಕೂದಲು, ಮೈಮೇಲೆ ಶಾಲು. ಹಿತ್ತಲ ಬಾಗಿಲಿಂದ ಅಡುಗೆಕೋಣೆಗೆ ಬಂದು ಒಲೆಯ ಮುಂದೆ ನೆಲದ ಮೇಲೆ ಕೂತುಬಿಟ್ಟರು.

"ಅಕ್ಕಾರ, ನನ್ನಿಂದ ತಪ್ಪಾಗೇತಿ. ಬೈರಿ ನನ್ನ. ಬಾಯಿಗಿ ಬಂದಂಗ ಬೈರಿ."

"ಅಯ್ಯೋ, ಎಂಥ ತಪ್ಪು, ಯಾಕಂಗಂತೀರಾ" ಎಂದಳು ಅಮ್ಮ. "ಜ್ವರ ಬಂದಿರೋರು ನೆಲದ ಮ್ಯಾಲೆ ಕೂರ್ಬೇಡಿ. ಲೇ, ಕುರ್ಚಿ ತಗೊಂಬಾರೇ."

"ಕುರ್ಚಿ ಬ್ಯಾಡ್ರಿ. ಬೇಕಾರ ಎರಡು ಏಟು ಹಾಕ್ರಿ. ನನ್ನ ಮಗಳ ಬಾಳೇಕ ಅಡ್ಡ ಬಂದಾಕಿ ಅನ್ರಿ. ಏನರ ಒಂದು ಅನ್ರಿ ಅಕ್ಕಾರ."

"ಎಲ್ಲಾ ದೇವ್ರಿಚ್ಛೆ ಟೀಚರ್. ಇದ್ರಲ್ಲಿ ನಿಮ್ದೇನಿದೆ. ಒಂಚೂರು ಕಾಫಿ ಮಾಡ್ತೀನಿ, ಬಿಸಿಯಾಗಿ ಕುಡೀರಿ."

ನಾನು ಕುರ್ಚಿ ಎತ್ತಿಕೊಂಡು ಬಂದು ಇಬ್ಬರ ಮಧ್ಯೆ ನಿಂತಿದ್ದೆ. ಟೀಚರ್ ಆ ಕುರ್ಚಿಯನ್ನು ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು, ಅದರ ಮೇಲೆ ಕೂತು, ಅಮ್ಮ ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದರು. ಅಮ್ಮ ಪಕ್ಕದಲ್ಲಿ ನಿಂತೇ ಇದ್ದಳು, ಲೋಟ ಇಸಿದುಕೊಳ್ಳಲು.

ಅವರು ಹೋದ ಮೇಲೆ ನಾನು ಅಮ್ಮನಿಗೆ ಹೇಳಿದೆ, ಬೈದುಬಿಡಬಹುದಿತ್ತಲ್ಲ, ಅವರೇ ಬಂದು ಕೇಳಿದರಲ್ಲ ಎಂದೆ. "ಬೈಯಕ್ಕೆ ನಂಗೆ ಬರಾಕಿಲ್ಲ ಕಣೇ. ನಮ್ಮವ್ವನೂ ಯಾರ್ನೂ ಬೈದೋಳಲ್ಲ" ಎಂದಳು. ಹಾಗಾದರೆ ಕ್ಷಮಿಸಿಬಿಡು ಎಂದೆ. "ಕ್ವಾಪ ಇದ್ರೆ ತಾನೆ ಕ್ಷಮ್ಸೋದು" ಎಂದು ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಅಲ್ಲಿ ಬಹಳ ಹೊತ್ತು ಒಂದೇ ಪಾತ್ರೆ ಉಜ್ಜುತ್ತಿದ್ದಳು. ಈಗ ಯೋಚಿಸಿದರೆ ಸುಸ್ತಾಗುತ್ತದೆ. ನೇರ ಮಾತೇ ದೊಡ್ಡದು ಎಂದು ನಾನು ಹೇಳುವುದಿಲ್ಲ, ಆ ನೇರ ಮಾತಿನ ಪೆಟ್ಟು ತಿಂದವಳು ನಾನೇ. ಆದರೆ ನಮ್ಮ ಈ ನಯ ಇದೆಯಲ್ಲ, ಇದಕ್ಕೆ ಔಷಧವೇ ಇಲ್ಲ. ಆಡಿದ ಮಾತಿಗಾದರೆ ತಪ್ಪಾಯಿತು ಅನ್ನಬಹುದು, ಕಾಫಿ ಲೋಟಕ್ಕೆ ಏನೆಂದು ಉತ್ತರ ಕೊಡುವುದು?

ಎರಡು ವರ್ಷದ ಮೇಲೆ ಅವರಿಗೆ ಊರ ಕಡೆಗೆ ವರ್ಗವಾಯಿತು. ಹೊರಡುವ ದಿನ ಅಮ್ಮ ಅರಿಶಿನ ಕುಂಕುಮ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಮಡಿಲು ತುಂಬಿದಳು. ಒಂದಕ್ಕೂ ಕಡಿಮೆ ಮಾಡಲಿಲ್ಲ. ಟೀಚರ್ ಬಗ್ಗಿ ಅಮ್ಮನ ಕಾಲು ಮುಟ್ಟಿದರು. ಅಮ್ಮ, "ಚೆನ್ನಾಗಿರಿ ಟೀಚರ್" ಎಂದಳು. ಟೆಂಪೋ ಹೊರಟುಹೋಯಿತು. ಆ ವರ್ಷವೇ ನನಗೆ ಹಾಸನದಲ್ಲಿ ಮದುವೆಯಾಯಿತು. ಕಾಲೇಜು ಮೇಷ್ಟರು, ಒಳ್ಳೆಯವರು. ಅಮ್ಮನ ಬಾಯಲ್ಲಿ ಆಮೇಲೆ ಟೀಚರ ಸುದ್ದಿ ಬಂದದ್ದು ಒಂದೇ ಸಲ. ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಚಟ್ನಿಪುಡಿ ಕುಟ್ಟಿ, ಬೆರಳಲ್ಲಿ ನೆಕ್ಕಿ ನೋಡಿ, "ಅವ್ಳು ಮಾಡ್ದಂಗೆ ಬರಾಕಿಲ್ಲ" ಎಂದಳು. ಯಾರು ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಮ್ಮ ತೀರಿಕೊಂಡದ್ದು ಅದಾಗಿ ನಾಲ್ಕೈದು ವರ್ಷಕ್ಕೆ. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಟೀಚರ್ ಹೋಗುವಾಗ ತಮ್ಮ ಪಕ್ಕದ ಮನೆಯವರ ಫೋನ್ ನಂಬರು ಕೊಟ್ಟುಹೋಗಿದ್ದರು. ಯಾರಿಗೂ ಹೇಳದೆ ನಾನೇ ಎಸ್‌ಟಿಡಿ ಬೂತಿಗೆ ಹೋಗಿ ಮಾಡಿದೆ. ಸುದ್ದಿ ಮುಟ್ಟುತ್ತದೋ ಇಲ್ಲವೋ ಗೊತ್ತಿರಲಿಲ್ಲ. ನನ್ನ ತಮ್ಮ ದೂರದಿಂದ ಬರಬೇಕಿತ್ತು, ಮಣ್ಣು ಮಾಡುವುದು ಮಾರನೇ ದಿನ ಮಧ್ಯಾಹ್ನಕ್ಕೆ ಹೋಯಿತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಅಮ್ಮನನ್ನು ಹಾಲಿನ ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಬಳಿದು, ಕೊರಳ ತುಂಬ ಹೂ ಹಾಕಿ ಕೂರಿಸಿದ್ದರು. ಬಂದವರನ್ನೆಲ್ಲ ಎದುರುಗೊಳ್ಳುವವಳ ಹಾಗೆ ಕೂತಿದ್ದಳು. ನಮ್ಮ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅಳುತ್ತಿದ್ದರು.

ಬೆಳಗಿನ ಅರಸೀಕೆರೆ ಬಸ್ಸಿಗೆ ಟೀಚರ್ ಬಂದರು. ರಾತ್ರಿಯೆಲ್ಲ ಪ್ರಯಾಣ ಮಾಡಿದ್ದರು. ಬೀದಿಯ ತುದಿಯಿಂದಲೇ ಅವರ ದನಿ ಕೇಳಿತು. ಒಳಗೆ ಬಂದವರೇ ಅಮ್ಮನ ಎದುರಿಗೆ ಮಂಡಿ ತಾಗುವಷ್ಟು ಹತ್ತಿರ ಕೂತು, ಎದೆ ಬಡಿದುಕೊಂಡು ಹಾಡಿ ಅಳತೊಡಗಿದರು. ಅವರ ಕಡೆ ಹೀಗೆ ಹಾಡಿ ಅಳುತ್ತಾರೆಂದು ಕೇಳಿದ್ದೆ, ನೋಡಿದ್ದು ಅವತ್ತೇ. "ಯಕ್ಕಾ ನನ್ನಕ್ಕಾ, ಒಂದ ಮಾತು ಬೈಲಿಲ್ಲಲ್ಲೇ ನೀ ನನ್ನ... ಮಣಿ ಕಸಗೊಂಡು ಕುರ್ಚಿ ಕೊಟ್ಟೆಲ್ಲೇ ನನಗ... ಎಂಥಾ ಕಲ್ಲ ಮನಸೇ ನಿಂದು... ಜಗಳ ಬಾಕಿ ಇಟ್ಟು ಹೆಂಗ ಹ್ವಾದೆವ್ವಾ..." ಬದುಕಿದ್ದಾಗ ಎಂದೂ ಏಕವಚನ ಆಡದಿದ್ದವರು ಎಲ್ಲವನ್ನೂ ಅಂದರು. ಕಲ್ಲು ಎಂದರು, ಹಟಮಾರಿ ಎಂದರು, ನಿನ್ನ ರೊಟ್ಟಿಯೂ ನಿನ್ನಂಗ ಸೊಟ್ಟ ಎಂದರು. ಒಂದೊಂದು ಸಾಲಿಗೂ ನಿಲ್ಲಿಸಿ ಅಮ್ಮನ ಮುಖ ನೋಡುತ್ತಿದ್ದರು, ತಿರುಗಿ ಏನಾದರೂ ಅಂದಾಳೇನೋ ಎಂಬಂತೆ. ನೆಂಟರೆಲ್ಲ ಮುಖ ಮುಖ ನೋಡಿಕೊಂಡರು. ಸತ್ತವರ ಮುಂದೆ ಇದೇನು ಮಾತು ಎಂದು ದೊಡ್ಡಮ್ಮ ಎಬ್ಬಿಸಲು ಹೋದರು. ಮೂಲೆಯಲ್ಲಿ ಕೂತಿದ್ದ ಅಪ್ಪ, "ಬುಡಿ, ಅಳ್ಲಿ. ಅವ್ಳೊಬ್ಳೇ ಮಾತಾಡ್ಸಕ್ಕೆ ಬಂದಿರೋಳು" ಎಂದರು.

ಎಲ್ಲ ಮುಗಿದ ಮೇಲೆ ಟೀಚರ್ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದರು. ನಾನು ಟವಲು ಹಿಡಿದು ನಿಂತಿದ್ದೆ. ಕೂದಲು ಅರ್ಧ ನರೆತಿತ್ತು. ಮುಖ ಒರೆಸಿಕೊಂಡು, ನನ್ನ ಕೈ ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದರು.

"ತಂಗಿ, ಅವತ್ತು ಕೇಳ್ಬೇಕಾಗಿತ್ತು, ಕೇಳಲಿಲ್ಲ. ಆ ಚನ್ನರಾಯಪಟ್ಟಣದ ಹುಡುಗ ನಿನಗ ಮನಸಿಗಿ ಬಂದಿದ್ದನೇನ?"

ಅಪ್ಪ ಕೇಳಿರಲಿಲ್ಲ, ಅಮ್ಮ ಕೇಳಿರಲಿಲ್ಲ, ದೊಡ್ಡಮ್ಮ ಕೇಳಿರಲಿಲ್ಲ. ಅದನ್ನು ನನ್ನ ಬಾಯಿಂದ ಕೇಳಬೇಕು ಅನ್ನಿಸಿದ್ದು ಈ ಭೂಮಿಯ ಮೇಲೆ ಅವರೊಬ್ಬರಿಗೆ.

"ಅಯ್ಯೋ ಬಿಡಿ ಟೀಚರ್, ಅದೆಲ್ಲ ಯಾವ ಕಾಲದ್ದು" ಎಂದೆ. "ನೀವು ನಿನ್ನೆಯಿಂದ ಉಪವಾಸ ಇದೀರಿ. ಬನ್ನಿ, ಒಳಗೆ ಕೂತ್ಕೊಳಿ, ಕಾಫಿ ತರ್ತೀನಿ."

ಅವರು ನನ್ನ ಮುಖವನ್ನೇ ನೋಡಿದರು. "ಹೂಂ. ನೀನೂ ನಿಮ್ಮವ್ವನ ಮಗಳ" ಎಂದರು. ಬೇಜಾರಿನಿಂದಲ್ಲ, ಬಹಳ ದಣಿದವರ ಹಾಗೆ. ಕೆನ್ನೆ ತಟ್ಟಿ ಕೈ ಬಿಟ್ಟರು. ನಾನು ಕಾಫಿ ತರುವಷ್ಟರಲ್ಲಿ ಇರಲಿಲ್ಲ. ಸಾವಿನ ಮನೆಯಿಂದ ಹೊರಡುವಾಗ ಹೇಳಿ ಹೋಗಬಾರದು, ಅದು ಅವರ ಕಡೆಯೂ ಹಾಗೇ, ನಮ್ಮ ಕಡೆಯೂ ಹಾಗೇ.

ಕೆಲವು ತಿಂಗಳು ಬಿಟ್ಟು ಆ ನಂಬರಿಗೆ ಮಾಡಿದಾಗ, ಈ ನಂಬರು ಈಗ ಚಾಲ್ತಿಯಲ್ಲಿಲ್ಲ ಅಂತ ಬಂತು. ಆಮೇಲೆ ನಾನೂ ಹುಡುಕಲಿಲ್ಲ, ಮಕ್ಕಳು, ಮನೆ, ಅತ್ತೆಯ ಕಾಯಿಲೆ ಎಂದು ವರ್ಷಗಳು ಹೋದವು. ಈಗ ಅವರಿಗೆ ಅರವತ್ತು ಮೀರಿರಬೇಕು, ಇದ್ದರೆ. ಹಳೇಕೋಟೆ ಬಸ್ಸಿನಲ್ಲಿ ಓಡಾಡುವ ಈಗಿನ ಟೀಚರುಗಳಿಗೆ ಅವರ ಹೆಸರೂ ಗೊತ್ತಿಲ್ಲ. ನನ್ನ ಗಂಡ ಒಳ್ಳೆಯ ಮನುಷ್ಯ, ಬದುಕಿನ ಬಗ್ಗೆ ದೂರಿಲ್ಲ. ಆದರೂ ಮೊನ್ನೆ ಬಾಣಲೆಯ ಮುಂದೆ ನಿಂತಿದ್ದಾಗ ಮನೆಯಲ್ಲಿ ಯಾರೂ ಇರಲಿಲ್ಲ, ಬಾಯಿ ಬಿಟ್ಟು ಹೇಳಿದೆ. ಹೌದು ಟೀಚರ್, ಬಂದಿದ್ದ. ತುಂಬಾ ಮನಸ್ಸಿಗೆ ಬಂದಿದ್ದ. ನೀವು ಹಾಗೆ ಹೇಳಬಾರದಿತ್ತು. ನನಗೆ ನಿಮ್ಮ ಮೇಲೆ ಬಹಳ ಸಿಟ್ಟಿತ್ತು.

ಇಷ್ಟೇ ಹೇಳಬೇಕಾಗಿದ್ದದ್ದು. ಹೇಳಿದ್ದರೆ ಅವರು ಅಲ್ಲೇ ನಿಂತು ನನ್ನ ಜೊತೆ ಚೆನ್ನಾಗಿ ಜಗಳವಾಡಿ, ನಮ್ಮ ಮನೆಯಲ್ಲಿ ಉಂಡು ಹೋಗುತ್ತಿದ್ದರು.